ಮುಚ್ಚಳಿಕೆ ಬರೆದ ಮೇಲೆ ಉಳಿದ ಕೆಲಸ

ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಹೆಂಗಸರ ಓದು ಶುರುವಾಗಿದ್ದು ಕೆರೆ ಜಗಳ ಆದ ಮೇಲೆ. ನಾನು ಅಲ್ಲಿ ಮೇಲ್ವಿಚಾರಕಿ. ಚಿಂತಾಮಣಿ ತಾಲೂಕಿನ ಊರು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದರೆ ಎರಡೂ ಕಡೆಯವರು ಇವತ್ತೂ ಒಂದೇ ಬೀದಿಯಲ್ಲಿ ಓಡಾಡಬೇಕು.

ವರ್ಷಗಟ್ಟಲೆ ಒಣಗಿದ್ದ ಕೆರೆಗೆ ನೀರು ಬಂತು. ನೀರಿನ ಹಿಂದೆ ಮೀನು ಬಂತು, ಮೀನಿನ ಹಿಂದೆ ಹರಾಜು ಬಂತು. ಪಂಚಾಯಿತಿ ಚುನಾವಣೆ ಆದಾಗಿನಿಂದ ಮುಖ ತಿರುಗಿಸಿಕೊಂಡಿದ್ದ ಎರಡು ಗುಂಪಿಗೆ ಅಷ್ಟೇ ಸಾಕಾಯಿತು. ಒಬ್ಬರ ತಲೆ ಒಡೆಯಿತು. ಬಿಡಿಸಲು ಹೋದ ಕೂಲಿಯವನೊಬ್ಬನ ಕೈ ಮುರಿಯಿತು. ಕೇಸು ಆಯಿತು, ಕೌಂಟರ್ ಕೇಸೂ ಆಯಿತು. ಕೊನೆಗೆ ಎರಡೂ ಕಡೆಯ ಗಂಡಸರನ್ನು ಸ್ಟೇಷನ್ನಿಗೆ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಇನ್ನು ಗಲಾಟೆ ಮಾಡಲ್ಲ ಅಂತ ಎಲ್ಲರೂ ಸೈನು ಹಾಕಿ ಬಂದರು.

ಗಲಾಟೆ ನಿಂತಿತು, ಅಷ್ಟೇ. ರೇಷ್ಮೆ ಹುಳಕ್ಕೆ ಸೊಪ್ಪು ಸಾಲದೆ ಬಂದರೆ ಪಕ್ಕದ ತೋಟದವರನ್ನು ಕೇಳಿ ತರುವುದು ನಮ್ಮಲ್ಲಿ ರೂಢಿ. ಆ ರೂಢಿ ಹೋಯಿತು. ಒಂದು ಮನೆಯವರು ಸೊಪ್ಪಿಲ್ಲದೆ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳವನ್ನು ತಿಪ್ಪೆಗೆ ಸುರಿದರು. ಬದುವಿನ ಆಚೆ ತೋಟದಲ್ಲಿ ಸೊಪ್ಪು ಬಲಿತು ನಿಂತಿತ್ತು. ಕೆಲವರು ಅಂಗನವಾಡಿಗೆ ಮಕ್ಕಳನ್ನು ಕಳಿಸುವುದು ಬಿಟ್ಟರು. ಸಾವಾದಾಗಲೂ ಆ ಕಡೆಯವರು ಈ ಕಡೆ ಬರಲಿಲ್ಲ. ಮುಚ್ಚಳಿಕೆಯಲ್ಲಿ ಇದ್ಯಾವುದರ ಮಾತೂ ಇರಲಿಲ್ಲ. ಅದನ್ನು ಬರೆಯುವಾಗ ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಆ ದಿನಗಳಲ್ಲೇ ಪಿಡಿಒ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಲೈಬ್ರರಿಗೆ ಬಂದು, 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೂವರು ಹೆಂಗಸರು ಯಾರು ಅಂತ ಕೇಳಿದಳು. ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, ಅದೇ ದೇಶದ ಲೇಮಾ ಗ್ಬೋವಿ, ಯೆಮೆನ್‌ನ ತವಕ್ಕುಲ್ ಕರ್ಮಾನ್. ಅವಳು ಹೆಸರು ಬರೆದುಕೊಂಡು ಹೋದಳು. ನಾನು ಗ್ಬೋವಿ ಯಾರು ಅಂತ ಓದುತ್ತಾ ಕೂತೆ. ಓದಿದಷ್ಟೂ ಇದನ್ನು ನಮ್ಮ ಊರಿನ ಹೆಂಗಸರಿಗೆ ಹೇಳಲೇಬೇಕು ಅನ್ನಿಸಿತು. ನಮ್ಮದು ಯುದ್ಧವಲ್ಲ. ಅಲ್ಲಿ ಸತ್ತವರ ಲೆಕ್ಕದ ಮುಂದೆ ನಮ್ಮ ಕೆರೆ ಜಗಳವನ್ನು ಇಡುವುದೂ ತಪ್ಪು. ಆದರೆ ಅಷ್ಟು ದೊಡ್ಡ ಬೆಂಕಿಯ ನಡುವೆ ನಿಂತು ಆ ಹೆಂಗಸರು ಏನು ಮಾಡಿದರು ಅನ್ನುವುದು ಎಲ್ಲರಿಗೂ ಬೇಕಾದ ವಿದ್ಯೆ ಅಂತ ನಾನು ನಂಬಿದ್ದೇನೆ.

ಶಾಂತಿ ಸಭೆ ಅಂತ ಕರೆದರೆ ಯಾರೂ ಬರುವುದಿಲ್ಲ, ಅದು ಸ್ಟೇಷನ್ನಿನ ಮಾತು. ಕಥೆ ಹೇಳ್ತೀನಿ ಬನ್ನಿ ಅಂದೆ. ಯಾವಾಗ ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಹುಳ ಸಾಕುವ ಮನೆಯಲ್ಲಿ ಹೆಂಗಸಿಗೆ ಬಿಡುವು ಅನ್ನುವುದೇ ಇಲ್ಲ. ಇರುವುದು ಒಂದೇ, ಹುಳ ಜ್ವರಕ್ಕೆ ಕೂತಾಗ. ಪೊರೆ ಬಿಡುವ ಮುಂಚೆ ಹುಳ ತಿನ್ನುವುದು ನಿಲ್ಲಿಸಿ ಸುಮ್ನೆ ತಲೆ ಎತ್ತಿಕೊಂಡು ಕೂತುಬಿಡುತ್ತದೆ. ಅಷ್ಟು ಹೊತ್ತು ಸೊಪ್ಪು ಹಾಕುವ ಹಾಗಿಲ್ಲ. ಮರಿಹುಳ ಬೆಳೆಸಿ ಕೊಡುವ ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಮರಿ ತಂದವರಿಗೆ ಜ್ವರವೂ ಒಟ್ಟಿಗೇ ಬರುತ್ತದೆ. ಆ ಲೆಕ್ಕಕ್ಕೆ ಈ ಗುಂಪು ಆ ಗುಂಪು ಅಂತ ಗೊತ್ತಿಲ್ಲ. ಹಾಗಾಗಿ ಯಾರನ್ನೂ ಆರಿಸದೆಯೇ ಎರಡೂ ಕಡೆಯವರು ಬಂದರು. ಬಂದವರು ಬೇರೆ ಬೇರೆ ಚಾಪೆಯಲ್ಲಿ ಕೂತರು. ನಾನು ಏನೂ ಅನ್ನಲಿಲ್ಲ.

ಮೊದಲು ಯುದ್ಧದ ಕಥೆ ಹೇಳಿದೆ. ಆಫ್ರಿಕಾದ ಪಶ್ಚಿಮ ಕರಾವಳಿಯ ಸಣ್ಣ ದೇಶ ಲೈಬೀರಿಯಾ. 1989ರಲ್ಲಿ ಚಾರ್ಲ್ಸ್ ಟೇಲರ್ ಅನ್ನುವವನು ಬಂಡಾಯ ಎಬ್ಬಿಸಿದ. 1997ರಲ್ಲಿ ಯುದ್ಧ ನಿಂತು ಚುನಾವಣೆಯಾಯಿತು. ಅವನೇ ಗೆದ್ದು ಅಧ್ಯಕ್ಷನಾದ. 1999ರಲ್ಲಿ ಮತ್ತೆ ಯುದ್ಧ. ಎರಡೂ ಸೇರಿ ಸುಮಾರು ಎರಡೂವರೆ ಲಕ್ಷ ಜನ ಸತ್ತರು ಅನ್ನುತ್ತಾರೆ. ಶಾಲೆಗೆ ಹೋಗಬೇಕಿದ್ದ ಮಕ್ಕಳಿಗೆ ನಶೆ ಹಿಡಿಸಿ ಕೈಗೆ ಬಂದೂಕು ಕೊಟ್ಟರು. ಹೆಂಗಸರ ಮೇಲೆ ಆಗಬಾರದ್ದೆಲ್ಲ ಆಯಿತು. ಈ ಕೊನೆಯ ಮಾತನ್ನು ಹೇಗೆ ಹೇಳುವುದು ಅಂತ ನಾನು ತುಂಬಾ ಯೋಚಿಸಿದ್ದೆ. ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಎರಡು ಚಾಪೆಯಲ್ಲೂ ಎಲ್ಲರಿಗೂ ಅರ್ಥವಾಗಿತ್ತು.

ಆಮೇಲೆ ಮೀನು ಮಾರ್ಕೆಟ್ಟಿನ ಕಥೆ. ಗ್ಬೋವಿ, ಯುದ್ಧದಲ್ಲಿ ಬಂದೂಕು ಹಿಡಿದಿದ್ದ ಹುಡುಗರ ಮನಸ್ಸು ಸರಿಮಾಡುವ ಕೆಲಸ ಮಾಡುತ್ತಿದ್ದಾಕೆ, ಮಕ್ಕಳ ತಾಯಿ. ಮೊದಲು ಚರ್ಚಿಗೆ ಬರುವ ಹೆಂಗಸರನ್ನು ಸೇರಿಸಿದರು. ಅಸಾಟು ಬಾ ಕೆನೆತ್ ಅನ್ನುವ ಮುಸ್ಲಿಂ ಪೊಲೀಸ್ ಅಧಿಕಾರಿ ಮುಸ್ಲಿಂ ಹೆಂಗಸರನ್ನು ಕರೆತಂದರು. 2003ರಲ್ಲಿ ಇವರೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ರಾಜಧಾನಿ ಮನ್ರೋವಿಯಾದ ಮೀನು ಮಾರ್ಕೆಟ್ ಪಕ್ಕದ ಬಯಲಲ್ಲಿ ಕೂತರು. ಟೇಲರ್‌ನ ಕಾರುಗಳು ಹೋಗುವ ದಾರಿ ಅದು. ಬಿಸಿಲಿರಲಿ ಮಳೆಯಿರಲಿ, ದಿನಾ ಬಂದು ಕೂತರು. ಏಪ್ರಿಲ್ 23ರಂದು ಟೇಲರ್ ಅವರನ್ನು ಕರೆಸಿ ಮಾತು ಕೇಳಲೇಬೇಕಾಯಿತು.

"ಅಷ್ಟು ದಿನ ಅಲ್ಲೇ ಕೂತ್ರೆ ಮನೇಲಿ ಅಡುಗೆ ಯಾರು ಮಾಡ್ತಿದ್ರು ಅಕ್ಕಾ?" ಒಬ್ಬಳು ಕೇಳಿದಳು.

"ಯುದ್ಧದಲ್ಲಿ ಅಡುಗೆ ಮಾಡೋಕೆ ಏನಿತ್ತು ಅಂತ ಕೇಳು ಮೊದಲು." ಉತ್ತರ ಬಂದಿದ್ದು ಆಚೆ ಚಾಪೆಯಿಂದ. ಜಗಳ ಆದ ಮೇಲೆ ಆ ಇಬ್ಬರ ನಡುವೆ ಹಾದ ಮೊದಲ ಮಾತು ಅದೇ ಇರಬೇಕು.

ಗಂಡಂದಿರನ್ನು ಹತ್ತಿರ ಸೇರಿಸುವುದಿಲ್ಲ ಅಂತ ಆ ಹೆಂಗಸರು ಹಟ ಹಿಡಿದ ಸಂಗತಿಯನ್ನೂ ಹೇಳಿದೆ. ಪ್ರಪಂಚದಲ್ಲಿ ಎಲ್ಲರೂ ಮೊದಲು ಹೇಳುವುದು ಅದನ್ನೇ. ಅದರಿಂದ ಯುದ್ಧ ನಿಂತಿತು ಅನ್ನುವುದಕ್ಕಿಂತ ಪತ್ರಿಕೆಗಳ ಕಣ್ಣು ತಮ್ಮ ಕಡೆ ತಿರುಗಿತು ಅಂತ ಗ್ಬೋವಿಯವರೇ ಹೇಳಿದ್ದಾರೆ. ಅವರ ವರ್ಷಗಳ ದುಡಿಮೆಯನ್ನೆಲ್ಲ ಬಿಟ್ಟು ಇದೊಂದನ್ನೇ ಎತ್ತಿ ಆಡುವುದು ನನಗೆ ಇಷ್ಟವಾಗುವುದಿಲ್ಲ.

ಮುಂದಿನ ಜ್ವರಕ್ಕೆ, ಘಾನಾ ದೇಶದಲ್ಲಿ ಟೇಲರ್ ಸರ್ಕಾರಕ್ಕೂ ಬಂಡುಕೋರರಿಗೂ ನಡೆದ ಶಾಂತಿ ಮಾತುಕತೆಯ ಕಥೆ ಇಟ್ಟುಕೊಂಡಿದ್ದೆ. ಜೂನ್ 4ರಂದು ಶುರುವಾದ ಮಾತುಕತೆ ಎಳೆದಾಡಿತು. ಬಂಡುಕೋರರ ನಾಯಕರು ಹೋಟೆಲ್ಲಿನಲ್ಲಿ ಆರಾಮಾಗಿದ್ದರು, ಲೈಬೀರಿಯಾದಲ್ಲಿ ಗುಂಡು ಹಾರುತ್ತಲೇ ಇತ್ತು. ಜುಲೈ 21ರಂದು ಅಕ್ರಾ ನಗರದಲ್ಲಿ ಹೆಂಗಸರು ಸಭೆ ನಡೆಯುವ ಹಾಲಿನ ಬಾಗಿಲಿಗೆ ಅಡ್ಡ ಕೂತು ಕೈಗೆ ಕೈ ಹೆಣೆದುಕೊಂಡರು. ಒಪ್ಪಂದ ಆಗುವವರೆಗೂ ಒಬ್ಬರನ್ನೂ ಹೊರಗೆ ಬಿಡಲ್ಲ ಅಂದರು. ಗ್ಬೋವಿಯನ್ನು ಹಿಡಿಯಲು ಕಾವಲಿನವರು ಬಂದರು. ಆಕೆ ಅಲ್ಲೇ ನಿಂತು ಮೈಮೇಲಿನ ಬಟ್ಟೆ ಬಿಚ್ಚತೊಡಗಿದರು. ತಾಯಿ ಬೆತ್ತಲಾದರೆ ನೋಡಿದವರಿಗೆ ಶಾಪ ಅನ್ನುವ ನಂಬಿಕೆ ಆ ಕಡೆಯೂ ಇದೆ. ಮಧ್ಯಸ್ಥಿಕೆಗೆ ಬಂದಿದ್ದ ನೈಜೀರಿಯಾದ ಜನರಲ್ ಅಬ್ದುಲ್‌ಸಲಾಮಿ ಅಬೂಬಕರ್ ಕಾವಲಿನವರನ್ನು ತಡೆದು, ಹೆಂಗಸರ ಮಾತಿಗೆ ಕಿವಿಗೊಟ್ಟರು.

ಇಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಒಬ್ಬ ಅಜ್ಜಿ ಮಾತ್ರ ಸೆರಗು ಎಳೆದು ಹೊದ್ದುಕೊಂಡು, "ಹೆತ್ತೋಳು ಅಲ್ಲಿಗೆ ಬಂದು ನಿಂತಳು ಅಂದ್ರೆ ಅವಳಿಗೆ ಇನ್ಯಾವ ದಾರಿ ಬಿಟ್ಟಿದ್ರಮ್ಮಾ?" ಅಂದಳು. ಮಣಿಪುರದ ತಾಯಂದಿರ ಬಗ್ಗೆ ಹೇಳಿದೆ. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ 12 ಮಂದಿ ಹೆಂಗಸರು ಸೈನಿಕರ ದೌರ್ಜನ್ಯ ವಿರೋಧಿಸಿ ಬಟ್ಟೆ ತೆಗೆದು ನಿಂತಿದ್ದು ನಮ್ಮದೇ ದೇಶದಲ್ಲಿ. ಇಲ್ಲಿ ಕೂತವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಆಗಸ್ಟ್ 11ರಂದು ಟೇಲರ್ ಅಧಿಕಾರ ಬಿಟ್ಟ. 18ರಂದು ಒಪ್ಪಂದಕ್ಕೆ ಸೈನು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಕಥೆ ಮುಗೀತು ಅಂತ ಏಳಲು ಹೊರಟರು. ನನಗೆ ಹೇಳಬೇಕಿದ್ದ ಕಥೆ ಶುರುವಾಗುವುದೇ ಅಲ್ಲಿಂದ ಅಂದೆ.

ಆ ಹೆಂಗಸರು ಸೈನು ನೋಡಿ ಮನೆಗೆ ಹೋಗಲಿಲ್ಲ. ಡಿಸೆಂಬರಿನಲ್ಲಿ ಬಂದೂಕು ಒಪ್ಪಿಸುವ ಶಿಬಿರ ತೆರೆದಾಗ, ಅಂದಾಜಿಗಿಂತ ಎಷ್ಟೋ ಪಟ್ಟು ಹುಡುಗರು ನುಗ್ಗಿದರು. ವ್ಯವಸ್ಥೆ ಸಾಲದೆ ದಂಗೆಯಾಗಿ ಶಿಬಿರ ಮುಚ್ಚಬೇಕಾಯಿತು. ಮತ್ತೆ ಶುರುವಾಗಿದ್ದು 2004ರ ಏಪ್ರಿಲ್‌ನಲ್ಲಿ. ನಡುವೆ ಹೆಂಗಸರು ಆ ಹುಡುಗರ ಜತೆ ಕೂತು ಮಾತಾಡಿದರು. ಇದೇ ಹುಡುಗರು ಅವರ ಮನೆ ಸುಟ್ಟವರು, ಅವರ ಮಕ್ಕಳನ್ನು ಕೊಂದವರು. ಕೊನೆಗೆ ಒಂದು ಲಕ್ಷಕ್ಕೂ ಜಾಸ್ತಿ ಜನ ಆಯುಧ ಬಿಟ್ಟವರ ಪಟ್ಟಿಗೆ ಸೇರಿದರು. 2005ರ ಚುನಾವಣೆಗೆ ಮುಂಚೆ ಇದೇ ಹೆಂಗಸರು ಸಂತೆಗೆ ಹೋಗಿ, ತರಕಾರಿ ಮಾರುವವಳ ಅಂಗಡಿಯನ್ನು ತಾವು ನೋಡಿಕೊಂಡು, ಅವಳನ್ನು ಮತದಾರರ ಪಟ್ಟಿಗೆ ಹೆಸರು ಬರೆಸಲು ಕಳಿಸಿದರು. ಸರ್ಲೀಫ್ ಗೆದ್ದು 2006ರ ಜನವರಿಯಲ್ಲಿ ಅಧ್ಯಕ್ಷರಾದರು. ಆಫ್ರಿಕಾದಲ್ಲಿ ಜನ ಮತ ಹಾಕಿ ಆರಿಸಿದ ಮೊದಲ ಮಹಿಳಾ ಅಧ್ಯಕ್ಷೆ. ಆಮೇಲೆ ಹಳ್ಳಿಗಳಲ್ಲಿ ಶಾಂತಿ ಗುಡಿಸಲುಗಳು ಎದ್ದವು. ಜಮೀನಿನ ತಕರಾರು, ಮನೆಯಲ್ಲಿ ಹೊಡೆತ ಬಡಿತ, ಎಲ್ಲ ಅಲ್ಲಿಗೆ ಬರುತ್ತದೆ, ಹೆಂಗಸರು ಕೂತು ಕೇಳುತ್ತಾರೆ. 2007ರಿಂದ 2016ರವರೆಗೆ ಅಲ್ಲಿ ವಿಶ್ವಸಂಸ್ಥೆಯ ಪರವಾಗಿ ಕಾವಲಿಗೆ ಇದ್ದದ್ದು ನಮ್ಮ ದೇಶದ ಸಿಆರ್‌ಪಿಎಫ್‌ ಮಹಿಳಾ ತುಕಡಿ ಅಂತ ಹೇಳಿದಾಗ ಎಲ್ಲರ ಮುಖ ಅರಳಿತು.

"ಮುಚ್ಚಳಿಕೆ ಆದ ಮೇಲೆ ನಾವೇನು ಮಾಡಿದ್ವಿ ಅಕ್ಕಾ?" ಆಶಾ ಕಾರ್ಯಕರ್ತೆ ಕೇಳಿದಳು. ನಾನು ಇಷ್ಟು ದಿನ ಕಾದಿದ್ದ ಪ್ರಶ್ನೆ ಅದು. ಆದರೆ ನಾನು ಉತ್ತರ ಹೇಳುವ ಹಾಗಿರಲಿಲ್ಲ.

ಸೋಮಾಲಿಯಾದ ಕಥೆ ಹೇಳಿದ್ದು ಆ ಮೇಲೆ. ಅಲ್ಲಿ ಎಲ್ಲವೂ ಕುಲದ ಲೆಕ್ಕ. 2000ನೇ ಇಸವಿಯಲ್ಲಿ ಜಿಬೂಟಿ ದೇಶದ ಆರ್ಟಾದಲ್ಲಿ ಶಾಂತಿ ಮಾತುಕತೆ ನಡೆದಾಗ ಐದು ಕುಲ ಅಂತ ಮಾಡಿ, ಕುಲಕ್ಕೆ ಇಷ್ಟು ಜನ ಅಂತ ಸೀಟು ಹಂಚಿದರು. ಹೆಂಗಸಿಗೆ ಜಾಗವಿಲ್ಲ. ಅವಳು ಅಪ್ಪನ ಕುಲದ ಪರ ಮಾತಾಡಿದರೆ ಗಂಡನ ಕುಲದವಳು ಅನ್ನುತ್ತಾರೆ, ಗಂಡನ ಕುಲದ ಪರ ಮಾತಾಡಿದರೆ ಅಪ್ಪನ ಕುಲದವಳು ಅನ್ನುತ್ತಾರೆ. ಆಶಾ ಹಾಜಿ ಎಲ್ಮಿ ಮತ್ತು ಜತೆಯವರು, ಹಾಗಾದರೆ ನಾವೇ ಆರನೇ ಕುಲ ಅಂತ ಘೋಷಿಸಿ ಒಳಗೆ ಹೋಗಿ ಕೂತರು. ಆ ಸಲದ ಸಂಸತ್ತಿನಲ್ಲಿ ಹೆಂಗಸರಿಗೆ 25 ಸ್ಥಾನ ಪಡೆದುಕೊಂಡರು.

ಇದನ್ನು ಹೇಳುತ್ತಿದ್ದ ಹಾಗೆ ಒಬ್ಬಳು ಬಿಕ್ಕಿಬಿಕ್ಕಿ ಅಳತೊಡಗಿದಳು. ಅವಳ ತವರು ಪಕ್ಕದ ಬೀದಿ, ಆ ಗುಂಪು. ಗಂಡನ ಮನೆ ಈ ಗುಂಪು. ತಲೆ ಒಡೆಸಿಕೊಂಡವನು ಅವಳ ಚಿಕ್ಕಪ್ಪನ ಮಗ, ಹೊಡೆದ ಕಡೆಯಲ್ಲಿದ್ದವನು ಅವಳ ಮೈದುನ. ಜಗಳ ಆದ ಮೇಲೆ ಅಮ್ಮನ ಮನೆ ಬಾಗಿಲು ಕಣ್ಣಿಗೆ ಕಾಣುವ ದೂರದಲ್ಲಿದ್ದರೂ ಹೋಗಿರಲಿಲ್ಲ. "ಅಮ್ಮ ಅಂಗಳದಲ್ಲಿ ರಾಗಿ ಹಸನು ಮಾಡೋದು ಕಾಣುತ್ತೆ. ನೋಡಿದ್ರೂ ನೋಡದ ಹಾಗೆ ಒಳಗೆ ಬರ್ತೀನಿ" ಅಂದಳು. ಅವಳ ಅಮ್ಮ ಎದುರು ಚಾಪೆಯಲ್ಲೇ ಇದ್ದರು. ಎದ್ದು ಬಂದು ಮಗಳ ಪಕ್ಕ ಕೂತರು. ಅವತ್ತಿನಿಂದ ಚಾಪೆಯ ಲೆಕ್ಕ ಹೋಯಿತು. ನಮ್ಮೂರಿನಲ್ಲಿ ಇಂಥ ಸೊಸೆಯರು ಬೇಕಾದಷ್ಟು ಜನ ಇದ್ದಾರೆ. ಎರಡೂ ಮನೆಯ ಒಳಗುಟ್ಟು ಗೊತ್ತಿರುವವರು ಅವರು. ರಾಜಿ ಮಾಡಿಸುವವರು ಯಾವತ್ತೂ ಅವರನ್ನು ಕೇಳುವುದಿಲ್ಲ.

ಕೆಲಸಕ್ಕೆ ದಾರಿ ಕೊಟ್ಟಿದ್ದು ಕೀನ್ಯಾ ದೇಶದ ವಜೀರ್ ಅನ್ನುವ ಊರಿನ ಕಥೆ. 90ರ ದಶಕದ ಶುರುವಿನಲ್ಲಿ ಅಲ್ಲಿ ಸೋಮಾಲಿ ಕುಲಗಳ ನಡುವೆ ಕೊಲೆಗಳು ನಡೆಯುತ್ತಿದ್ದವು. ಈ ಕುಲದವಳು ಆ ಕುಲದವಳಿಗೆ ಹಾಲು, ತರಕಾರಿ ಮಾರುವ ಹಾಗಿರಲಿಲ್ಲ. ದೇಖಾ ಇಬ್ರಾಹಿಂ ಅಬ್ದಿ ಮತ್ತು ಕೆಲವು ಹೆಂಗಸರು ಮೊದಲು ಹಿಡಿದದ್ದು ಸಂತೆಯನ್ನು. ಯಾವ ಕುಲದವಳಾದರೂ ಇಲ್ಲಿ ಭಯವಿಲ್ಲದೆ ಬಂದು ಮಾರಬೇಕು, ಕೊಳ್ಳಬೇಕು ಅಂತ ಮಾಡಿಕೊಂಡು, ನೋಡಿಕೊಳ್ಳಲು ತಮ್ಮದೇ ಸಮಿತಿ ಕಟ್ಟಿದರು. ಸಂತೆ ಸರಿಯಾದ ಮೇಲೆ ಹಿರಿಯರ ಹತ್ತಿರ, ಹುಡುಗರ ಹತ್ತಿರ, ಸರ್ಕಾರದವರ ಹತ್ತಿರ ಹೋದರು.

"ನಮಗೆ ಡೈರಿ ಐತಲ್ಲ" ಅಂದರು ಹಾಲಿನ ಡೈರಿ ಕಾರ್ಯದರ್ಶಿ, ತಾವೂ ಹೆಂಗಸೇ. ಬೆಳಿಗ್ಗೆ ಸಂಜೆ ಎರಡು ಹೊತ್ತು ಎಲ್ಲ ಮನೆಯವರೂ ಕ್ಯಾನು ಹಿಡಿದು ಬರಲೇಬೇಕಾದ ಜಾಗ ಅದೊಂದೇ. ಜಗಳದ ನಂತರ ಒಂದಷ್ಟು ಮನೆಯವರು ಪಕ್ಕದ ಊರಿನ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದರು. ಅವರನ್ನು ವಾಪಸ್ ಕರೆಯುವುದೇ ಮೊದಲ ಕೆಲಸ ಅಂತ ಹೆಂಗಸರೇ ತೀರ್ಮಾನ ಮಾಡಿದರು. ಡೈರಿ ಹತ್ತಿರ ಕೇಸಿನ ಮಾತು ಎತ್ತಬಾರದು. ಯಾರಾದರೂ ಏನಾದರೂ ಅಂದರು ಅಂತ ಸುದ್ದಿ ಬಂದರೆ, ಎರಡೂ ಕಡೆಯಿಂದ ಒಬ್ಬೊಬ್ಬರು ಜತೆಯಾಗಿ ಆ ಮನೆಗೆ ಹೋಗಿ ನಿಜವೋ ಸುಳ್ಳೋ ಕೇಳಿ ಬರಬೇಕು, ಸಂಜೆ ಹಾಲಿನ ಹೊತ್ತಿಗೆ ಎಲ್ಲರಿಗೂ ತಿಳಿಸಬೇಕು. ಇಷ್ಟೇ. ಗಂಡಸರು ಕೆಲವರು ಬೈದರು. ಒಂದೆರಡು ಮನೆಯಲ್ಲಿ ಹೊಡೆತವೂ ಬಿತ್ತು. ಆ ಮನೆಯ ಹೆಂಗಸರು ಕೆಲವು ದಿನ ಬರಲಿಲ್ಲ, ಆಮೇಲೆ ಬಂದರು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕೆರೆಯಲ್ಲಿ ಮೀನು ಸತ್ತು ತೇಲಿತು. ಬಿಳಿ ಹೊಟ್ಟೆ ಮೇಲಾಗಿ ದಡದ ಉದ್ದಕ್ಕೂ ಮೀನು. ವಿಷ ಹಾಕಿದ್ದಾರೆ ಅಂತ ಕೂಗೆದ್ದಿತು. ಏರಿಯ ಮೇಲೆ ದೊಣ್ಣೆ ಹಿಡಿದವರು ಸೇರಿದರು. ಡೈರಿಯಲ್ಲಿ ಹಾಲು ಅಳೆಯುವ ಹೊತ್ತು. ಹೆಂಗಸರು ಕ್ಯಾನು ಕೆಳಗಿಟ್ಟು ಹೊರಟರು. ಎಲ್ಲರೂ ಬರಲಿಲ್ಲ, ಕೆಲವರು ಗಂಡಂದಿರ ಹಿಂದೆ ಹೋಗಿ ನಿಂತರು. ಆದರೆ ಆ ಅಮ್ಮ ಮಗಳು ಕೈ ಹಿಡಿದುಕೊಂಡು ಏರಿಯ ನಡುವೆ ಕೂತುಬಿಟ್ಟರು, ಅವರ ಜತೆ ಇನ್ನೂ ನಾಲ್ಕೈದು ಜನ. "ನೀರು ಪರೀಕ್ಷೆ ಆಗೋವರೆಗೂ ಯಾರೂ ಇಳೀಬಾರದು, ಇಳೀಬೇಕು ಅಂದ್ರೆ ನಮ್ಮನ್ನ ದಾಟ್ಕೊಂಡು ಹೋಗಿ" ಅಂದಳು ಮಗಳು. ಮೈದುನ ಎದುರಿಗೇ ಇದ್ದ. ಅತ್ತಿಗೆಯನ್ನು ದಾಟಿ ಹೋಗಲು ಅವನ ಕಾಲು ಬರಲಿಲ್ಲ. ನಾನು ಮೀನುಗಾರಿಕೆ ಇಲಾಖೆಗೆ ಫೋನು ಮಾಡಿದೆ. ಅವರು ಬಂದು ನೋಡಿ, ವಿಷವಲ್ಲ, ಸೆಕೆಗೆ ನೀರು ಕಡಿಮೆಯಾಗಿ ಪಾಚಿ ಜಾಸ್ತಿಯಾಗಿದೆ, ಆಮ್ಲಜನಕ ಸಾಲದೆ ಸತ್ತಿವೆ ಅಂದರು. ಬಿಸಿಲೇರುವ ಹೊತ್ತಿಗೆ ಎರಡೂ ಕಡೆಯ ಹುಡುಗರೇ ಸತ್ತ ಮೀನು ಎತ್ತಿ ಗುಂಡಿಗೆ ಹಾಕಿದರು.

ಇಷ್ಟಕ್ಕೇ ನಿಲ್ಲಿಸಿ, ಊರು ಒಂದಾಯಿತು ಅಂತ ಬರೆಯಬಹುದಿತ್ತು. ಅದು ಸುಳ್ಳಾಗುತ್ತದೆ.

ಲೈಬೀರಿಯಾದ ಕಥೆ ಎಲ್ಲ ಮುಗಿದ ಮೇಲೆ ಕಾಲೋನಿಯ ಒಬ್ಬ ಅಮ್ಮ ಕೇಳಿದ್ದರು, "ಆ ಟೇಲರ್‌ಗೆ ಶಿಕ್ಷೆ ಆಯ್ತಾ?" ಆಯಿತು ಅಂದೆ. 2012ರಲ್ಲಿ 50 ವರ್ಷ ಜೈಲು. ಆದರೆ ಅದು ಪಕ್ಕದ ಸಿಯೆರಾ ಲಿಯೋನ್ ದೇಶದಲ್ಲಿ ನಡೆದ ಕ್ರೌರ್ಯಕ್ಕೆ. ತನ್ನದೇ ದೇಶದಲ್ಲಿ ಮಾಡಿದ್ದಕ್ಕೆ ಅಲ್ಲ. ಯುದ್ಧಾಪರಾಧದ ವಿಚಾರಣೆಗೆ ಕೋರ್ಟು ಮಾಡುವ ಕಚೇರಿ ತೆರೆಯಲು ಲೈಬೀರಿಯಾದಲ್ಲಿ ಆದೇಶ ಬಂದಿದ್ದೇ 2024ರಲ್ಲಿ. ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಬಾಲಪಲ್ಲಿ ತರಾನೇ ಆಯ್ತು ಬಿಡು" ಅಂದರು.

2000ನೇ ಇಸವಿ ಮಾರ್ಚ್ 11ರಂದು ನಮ್ಮದೇ ತಾಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಕೋರ್ಟಿನಲ್ಲಿ ಆರೋಪಿಗಳು ಬಿಡುಗಡೆಯಾದರು. "ರಾಜಿ ಅಂತ ಬಂದಾಗೆಲ್ಲ ತಗ್ಗೋದು ನಾವೇ. ಕೆರೆ ಜಗಳದಲ್ಲಿ ಕೈ ಮುರಿದವನು ನಮ್ಮ ಹುಡುಗ. ನಿಮ್ಮ ಮುಚ್ಚಳಿಕೆಯಲ್ಲಿ ಅವನ ಹೆಸರು ಎಲ್ಲೈತೆ?" ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ಹುಡುಗ ಯಾವ ಗುಂಪಿನವನೂ ಅಲ್ಲ. ತಿಂಗಳುಗಟ್ಟಲೆ ಕೂಲಿಗೆ ಹೋಗಲು ಆಗಿರಲಿಲ್ಲ. ಆಸ್ಪತ್ರೆಯ ಬಿಲ್ಲಿಗೆ ಅವನ ತಾಯಿ ಓಲೆ ಅಡವಿಟ್ಟಿದ್ದರು. ಹೆಂಗಸರು ನೆಮ್ಮದಿಯಾಗಿ ಒಂದೇ ಚಾಪೆಯಲ್ಲಿ ಕೂತಿದ್ದಾಗಲೂ ಅವನ ನೆನಪು ಎರಡೂ ಗುಂಪಿಗೆ ಬಂದಿರಲಿಲ್ಲ. ನ್ಯಾಯ ಪಕ್ಕಕ್ಕಿಟ್ಟು ಒಂದಾಗುವುದು, ಪೆಟ್ಟು ತಿಂದವನ ಬಾಯಿ ಮುಚ್ಚಿಸಿದ ಹಾಗೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮಹಿಳಾ ಗ್ರಾಮಸಭೆಯಲ್ಲಿ ಆ ಅಮ್ಮನೇ ಎದ್ದು ನಿಂತು ವಿಷಯ ಎತ್ತಿದರು. ಡೈರಿ ಕಾರ್ಯದರ್ಶಿ ಮತ್ತು ಆ ತಾಯಿ ಮಗಳು ಅವರ ಪಕ್ಕದಲ್ಲಿ ನಿಂತರು. ಬಿಲ್ಲಿನ ಹಣ ಮತ್ತು ಹೋದ ಕೂಲಿಯನ್ನು ಎರಡೂ ಗುಂಪು ಸಮವಾಗಿ ಕೊಡಬೇಕು ಅಂತ ಕೇಳಿದರು. ಕೇಸು ವಾಪಸ್ ತಗೋ ಅಂತ ಆ ಹುಡುಗನನ್ನು ಯಾರೂ ಒತ್ತಾಯ ಮಾಡಬಾರದು ಅಂತಲೂ ನಡಾವಳಿಯಲ್ಲಿ ಬರೆಸಿದರು. ಒಂದು ಗುಂಪು ತನ್ನ ಪಾಲು ಪೂರ್ತಿ ಕೊಟ್ಟಿದೆ. ಅದರಿಂದ ಓಲೆ ಬಿಡಿಸಿಕೊಂಡು ಬಂದರು. ಇನ್ನೊಂದು ಗುಂಪು ಅರ್ಧ ಕೊಟ್ಟು, ಉಳಿದದ್ದು ಮುಂದಿನ ಬೆಳೆಯ ಗೂಡು ಮಾರಿದ ಮೇಲೆ ಅಂದಿದೆ. ಅವರ ಹುಳ ಈಗ ಮೂರನೇ ಜ್ವರದಲ್ಲಿದೆ. ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುವ ದಿನ ಕೇಳಲು ಹೋಗಬೇಕಾದ ಮೂವರು ಯಾರು ಅಂತ ಈಗಲೇ ಮಾತಾಗಿದೆ. ಇಬ್ಬರು ಎರಡು ಗುಂಪಿನ ಕಡೆಯವರು. ಮೂರನೆಯವರು ಕಾಲೋನಿಯ ಆ ಅಮ್ಮ.